ಕೆಲಸ ಒಬ್ಬರದು, ಸಂಬಳ ಇನ್ನೊಬ್ಬರದು: ಆಫರ್ ಲೆಟರ್‌ನಲ್ಲಿ ಏನನ್ನು ಓದಬೇಕು?

2020ರ ಡಿಸೆಂಬರ್ 12, ಶನಿವಾರ ಬೆಳಿಗ್ಗೆ. ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಪಾಳಿ ಮುಗಿಸಿದ ಕಾರ್ಮಿಕರ ಸಿಟ್ಟು ಒಮ್ಮೆಲೇ ಒಡೆಯಿತು. ಗಾಜುಗಳು ಪುಡಿಯಾದವು, ವಾಹನಗಳು ಉರುಳಿದವು. ಐಫೋನ್ ಜೋಡಿಸುತ್ತಿದ್ದ ಆ ಕಾರ್ಖಾನೆಯ ದೃಶ್ಯಗಳನ್ನು ದೇಶವೇ ನೋಡಿತು. ಜಗಳ ಇದ್ದದ್ದು ಸಂಬಳದ ಬಗ್ಗೆ: ಹೇಳಿದ್ದಕ್ಕಿಂತ ಕಡಿಮೆ ಹಣ ಕೈಗೆ ಬರುತ್ತಿದೆ, ಹೆಚ್ಚುವರಿ ಗಂಟೆಗಳ ಲೆಕ್ಕ ಸರಿಯಿಲ್ಲ ಎಂದು. ಅಲ್ಲಿ ದುಡಿಯುತ್ತಿದ್ದವರಲ್ಲಿ ಬಹುಪಾಲು ಜನ ಕಂಪನಿಯ ನೌಕರರಲ್ಲ, ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಒಂದು ವಾರದೊಳಗೆ ವಿಸ್ಟ್ರಾನ್, ಕೆಲವು ಕಾರ್ಮಿಕರಿಗೆ ಸರಿಯಾಗಿ ಮತ್ತು ಸಮಯಕ್ಕೆ ಸಂಬಳ ಸಂದಿಲ್ಲ ಎಂದು ಒಪ್ಪಿಕೊಂಡು ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. ಆಪಲ್ ಆ ಕಂಪನಿಗೆ ಹೊಸ ಕೆಲಸ ಕೊಡುವುದನ್ನು ನಿಲ್ಲಿಸಿ ನಿಗಾದಲ್ಲಿ ಇರಿಸಿತು. 2023ರಲ್ಲಿ ಕಾರ್ಖಾನೆ ಟಾಟಾ ಪಾಲಾಯಿತು.

ಹಿಂಸೆಗೆ ಸಮರ್ಥನೆ ಇಲ್ಲ. ಆದರೆ ಆ ಜಗಳದ ಬುಡದಲ್ಲಿದ್ದ ಪ್ರಶ್ನೆ ಕೋಲಾರದ್ದು ಮಾತ್ರವಲ್ಲ. ಕೆಲಸ ಮಾಡಿಸಿಕೊಳ್ಳುವವರು ಒಬ್ಬರು, ಸಂಬಳ ಹಾಕುವವರು ಇನ್ನೊಬ್ಬರು ಎಂದಾದಾಗ ಕೊರತೆ ಬಿದ್ದ ಹಣಕ್ಕೆ ಉತ್ತರ ಕೊಡಬೇಕಾದವರು ಯಾರು? ಇಂದು ಈ ಪ್ರಶ್ನೆ ಕಾರ್ಖಾನೆಯ ಗೇಟು ದಾಟಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಿಗೂ ಬಂದಿದೆ, ಸರ್ಕಾರಿ ಕಚೇರಿಗಳ ಹೊರಗುತ್ತಿಗೆ ಡೇಟಾ ಎಂಟ್ರಿ ಮೇಜಿಗೂ ಬಂದಿದೆ. ಕೆಲಸ ಹುಡುಕುವವರು ಮೊದಲು ನೋಡುವುದು ಪ್ಯಾಕೇಜಿನ ಅಂಕಿಯನ್ನು. ನೋಡಬೇಕಾದದ್ದು ಯಾರ ರೋಲ್‌ಗೆ, ಅಂದರೆ ಯಾರ ನೌಕರರ ಪಟ್ಟಿಗೆ, ಸೇರುತ್ತಿದ್ದೇವೆ ಎಂಬುದನ್ನು. ಆ ಒಂದು ಸಂಗತಿ ಗೊತ್ತಾದರೆ ಉಳಿದ ಮುಕ್ಕಾಲು ಪಾಲು ಉತ್ತರಗಳು ತಾವಾಗಿಯೇ ಸಿಗುತ್ತವೆ.

ಪತ್ರದ ತಲೆಯಲ್ಲಿ ಯಾರ ಹೆಸರಿದೆ?

ಸಂದರ್ಶನ ನಡೆಸಿದ್ದು ದೊಡ್ಡ ಕಂಪನಿ, ಪತ್ರ ಬಂದದ್ದು ಕೇಳರಿಯದ ಹೆಸರಿನ ಸಂಸ್ಥೆಯಿಂದ. ಹೀಗಾದರೆ ನೀವು ಥರ್ಡ್ ಪಾರ್ಟಿ ಪೇರೋಲ್‌ನಲ್ಲಿದ್ದೀರಿ. ಐಡಿ ಕಾರ್ಡ್, ಲ್ಯಾಪ್‌ಟಾಪ್, ಕ್ಯಾಂಟೀನು ಎಲ್ಲವೂ ದೊಡ್ಡ ಕಂಪನಿಯದೇ ಇರಬಹುದು. ಕಾನೂನಿನ ಕಣ್ಣಿಗೆ ನಿಮ್ಮ ಧಣಿ ಮಾತ್ರ ಪತ್ರಕ್ಕೆ ಸಹಿ ಹಾಕಿದ ಏಜೆನ್ಸಿ. ಇದು ತಪ್ಪೂ ಅಲ್ಲ, ಮೋಸವೂ ಅಲ್ಲ. ಹೊರದೇಶದ ಕಂಪನಿಗಳು ಬೆಂಗಳೂರಿನಲ್ಲಿ ತಮ್ಮದೇ ತಂತ್ರಜ್ಞಾನ ಕೇಂದ್ರ ತೆರೆಯುವಾಗ ಮೊದಲ ತಂಡವನ್ನು ಎಷ್ಟೋ ಸಲ ಪಾಲುದಾರ ಸಂಸ್ಥೆಯ ರೋಲ್‌ನಲ್ಲೇ ಇಟ್ಟುಕೊಳ್ಳುತ್ತವೆ. ಕರ್ನಾಟಕ ಸರ್ಕಾರ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ನೀತಿಯ ಪ್ರಕಾರ 2029ರೊಳಗೆ ಇಂಥ 500 ಹೊಸ ಕೇಂದ್ರಗಳು ಬರಬೇಕು. ಅಂದರೆ ಈ ಬಗೆಯ ಪತ್ರಗಳು ಮುಂದೆಯೂ ಬರುತ್ತಲೇ ಇರುತ್ತವೆ. ಸೇವಾ ಕಂಪನಿಗಳು ಕೂಡ ಪ್ರಾಜೆಕ್ಟ್ ಇಲ್ಲದವರನ್ನು ಮೊದಲಿನಷ್ಟು ಕಾಲ ಬೆಂಚ್ ಮೇಲೆ ಇಟ್ಟುಕೊಳ್ಳುತ್ತಿಲ್ಲ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ 2ರಷ್ಟು, ಅಂದರೆ 12,000ಕ್ಕೂ ಹೆಚ್ಚು ಮಂದಿಯನ್ನು ಕಡಿಮೆ ಮಾಡುವುದಾಗಿ ಹೇಳಿದಾಗ, ದೊಡ್ಡ ಕಂಪನಿಯ ರೋಲ್ ಎಂದರೆ ನಿವೃತ್ತಿವರೆಗಿನ ಭರವಸೆ ಎಂಬ ನಂಬಿಕೆಯೂ ಅಲುಗಿತು.

ಏಜೆನ್ಸಿಯ ಪತ್ರ ಬಂದಾಗ ಮೂರು ಸಂಗತಿಗಳನ್ನು ನೋಡಿಕೊಳ್ಳಬೇಕು.

ಮೊದಲನೆಯದು, ಕ್ಲೈಂಟ್, ಅಂದರೆ ನಿಮ್ಮಿಂದ ಕೆಲಸ ಮಾಡಿಸಿಕೊಳ್ಳುವ ಕಂಪನಿ, ಬೇಡವೆಂದ ದಿನ ಏನಾಗುತ್ತದೆ ಎಂಬುದು. ‘ಕ್ಲೈಂಟ್ ಬಿಡುಗಡೆ ಮಾಡಿದ ದಿನಕ್ಕೇ ಈ ನೇಮಕವೂ ಕೊನೆಗೊಳ್ಳುತ್ತದೆ’ ಎಂಬ ಸಾಲು ಇದ್ದರೆ, ನೋಟಿಸ್ ಪೀರಿಯಡ್ ಬಗ್ಗೆ ಇನ್ನೊಂದು ಪುಟದಲ್ಲಿ ಬರೆದ 30 ಅಥವಾ 60 ದಿನ ನಿಮಗೆ ಮಾತ್ರ ಅನ್ವಯ, ಅವರಿಗಲ್ಲ. ಕೆಲವು ಪತ್ರಗಳಲ್ಲಿ ಕೆಲಸ ಉಳಿಯುತ್ತದೆ, ಸಂಬಳ ಮಾತ್ರ ನಿಲ್ಲುತ್ತದೆ. ಬೇರೆ ಕಡೆ ಸೇರುವ ಹಾಗೂ ಇಲ್ಲ, ಕೈಯಲ್ಲಿ ಕಾಸೂ ಇಲ್ಲ. ‘ಬಿಡುಗಡೆಯಾದರೆ ಇಷ್ಟು ದಿನದ ಸಂಬಳ ಕೊಡುತ್ತೇವೆ’ ಎಂದು ಸಹಿಗೆ ಮೊದಲೇ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ ಹೇಳಿದ ಮಾತು ಆ ಎಚ್‌ಆರ್ ಕೆಲಸ ಬಿಟ್ಟ ದಿನವೇ ಹೋಗುತ್ತದೆ.

ಎರಡನೆಯದು, ಮುಂದೆ ಕ್ಲೈಂಟ್ ಕಂಪನಿಗೇ ನೇರವಾಗಿ ಸೇರಬಾರದು ಎಂಬ ನಿರ್ಬಂಧ. ಕೆಲಸ ಬಿಟ್ಟ ನಂತರ ಒಬ್ಬರು ಎಲ್ಲಿ ದುಡಿಯಬೇಕು ಎಂಬುದಕ್ಕೆ ಕಟ್ಟುಹಾಕುವ ಒಪ್ಪಂದ ಭಾರತೀಯ ಒಪ್ಪಂದ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ನಿಲ್ಲುವುದಿಲ್ಲ. ಹಾಗಿದ್ದೂ ಕ್ಲೈಂಟ್‌ನವರು ‘ತೆಗೆದುಕೊಳ್ಳಲಾಗದು’ ಎನ್ನುತ್ತಾರಲ್ಲ, ಏಕೆ? ಏಜೆನ್ಸಿ ಮತ್ತು ಕ್ಲೈಂಟ್ ತಮ್ಮತಮ್ಮಲ್ಲೇ ಮಾಡಿಕೊಂಡಿರುವ ಇನ್ನೊಂದು ಒಪ್ಪಂದದಲ್ಲಿ, ನಿಮ್ಮನ್ನು ನೇರವಾಗಿ ತೆಗೆದುಕೊಂಡರೆ ಕ್ಲೈಂಟ್ ಇಷ್ಟು ಶುಲ್ಕ ಕೊಡಬೇಕು ಎಂದಿರುತ್ತದೆ. ಅದು ನಿಮ್ಮ ಕಣ್ಣಿಗೆ ಬೀಳುವ ಕಾಗದವಲ್ಲ. ಹಾಗಾಗಿ ಸಂದರ್ಶನದ ಹಂತದಲ್ಲೇ ‘ಎಷ್ಟು ತಿಂಗಳ ನಂತರ ಕಂಪನಿ ರೋಲ್‌ಗೆ ಹೋಗಬಹುದು, ಕಳೆದ ವರ್ಷ ಎಷ್ಟು ಜನ ಹೋದರು’ ಎಂದು ಕ್ಲೈಂಟ್ ಮ್ಯಾನೇಜರ್ ಅನ್ನೇ ಕೇಳಿ. ಉತ್ತರ ತಡವರಿಸಿದರೆ ಹೋದವರು ಇಲ್ಲವೆಂದೇ ತಿಳಿಯಬೇಕು.

ಮೂರನೆಯದು ಪತ್ರದಲ್ಲಿ ಇರುವುದೇ ಇಲ್ಲ, ಅದಕ್ಕೇ ಹೆಚ್ಚು ನಷ್ಟ. ಕೆಲವು ವರ್ಷಗಳಿಗೊಮ್ಮೆ ಕ್ಲೈಂಟ್ ತನ್ನ ಏಜೆನ್ಸಿಯನ್ನು ಬದಲಿಸುವುದುಂಟು. ಆಗ ಅದೇ ಕುರ್ಚಿ, ಅದೇ ಕೆಲಸದಲ್ಲಿರುವವರಿಗೆ ‘ಇಲ್ಲಿ ರಾಜೀನಾಮೆ ಕೊಟ್ಟು ಅಲ್ಲಿ ಸೇರಿ’ ಎಂಬ ಸೂಚನೆ ಬರುತ್ತದೆ. ಅದೊಂದು ಸಹಿಗೆ ಉಳಿಸಿಟ್ಟ ರಜೆಗಳು ಹೋಗುತ್ತವೆ, ಸೇವಾವಧಿ ಸೊನ್ನೆಗೆ ಬರುತ್ತದೆ. ರಾಜೀನಾಮೆ ಬರೆಯುವ ಮೊದಲು ‘ಸೇವೆಯ ನಿರಂತರತೆ ಉಳಿಯುತ್ತದೆ’ ಎಂಬ ಸಾಲುಳ್ಳ ವರ್ಗಾವಣೆ ಪತ್ರ ಕೇಳಬೇಕು. ಒಬ್ಬೊಬ್ಬರೇ ಕೇಳಿದರೆ ಸಿಗದು, ತಂಡದ ಹತ್ತು ಜನ ಒಟ್ಟಿಗೆ ಕೇಳಿದರೆ ಸಿಕ್ಕೀತು.

ಏಜೆನ್ಸಿ ಸಂಬಳ ಕೊಡದಿದ್ದರೆ? ಗುತ್ತಿಗೆದಾರ ಕೊಡದ ವೇತನವನ್ನು ಮೂಲ ಉದ್ಯೋಗದಾತನೇ, ಅಂದರೆ ಕ್ಲೈಂಟ್ ಕಂಪನಿಯೇ, ಕೊಡಬೇಕು ಎಂಬುದು ಹಳೆಯ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೂ ಇತ್ತು, 2025ರ ನವೆಂಬರ್‌ನಲ್ಲಿ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಇದೆ. ಆದ್ದರಿಂದ ದೂರು ಬರೆಯುವಾಗ ಏಜೆನ್ಸಿಯ ಹೆಸರಿನ ಜೊತೆಗೆ ಕ್ಲೈಂಟ್ ಹೆಸರನ್ನೂ ಎದುರು ಪಕ್ಷವಾಗಿ ಬರೆಯಲು ಮರೆಯಬಾರದು. ಗುತ್ತಿಗೆ ಕಾರ್ಮಿಕರ ಕುರಿತ ನಿಯಮಗಳು ಅನ್ವಯವಾಗಲು ಮೊದಲು 20 ಕಾರ್ಮಿಕರು ಇದ್ದರೆ ಸಾಕಿತ್ತು, ಈಗ 50 ಬೇಕು. ಸಣ್ಣ ಗುತ್ತಿಗೆದಾರರ ಅಡಿಯಲ್ಲಿ ದುಡಿಯುವವರಿಗೆ ಇದು ಹಿನ್ನಡೆಯೇ ಸರಿ.

ಇನ್ನು ‘ಫಿಕ್ಸೆಡ್ ಟರ್ಮ್’. ಕಂಪನಿಯದೇ ರೋಲ್, ಆದರೆ 12 ಅಥವಾ 24 ತಿಂಗಳಿಗೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ಇದಕ್ಕೆ ಸ್ಪಷ್ಟ ರೂಪ ಕೊಟ್ಟಿವೆ. ಅದೇ ಕೆಲಸ ಮಾಡುವ ಕಾಯಂ ನೌಕರರಿಗೆ ಸಿಗುವ ವೇತನ, ಸೌಲಭ್ಯ ಇವರಿಗೂ ಸಿಗಬೇಕು. ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಸಿಗುವ ಮೊತ್ತಕ್ಕೆ, ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷ ಸೇವೆ ಸಲ್ಲಿಸಿದರೆ ಸಾಕು. ಇದು ನಿಜಕ್ಕೂ ಒಳ್ಳೆಯ ಬದಲಾವಣೆ. ಇನ್ನೊಂದು ಮಗ್ಗುಲೂ ಇದೆ: ಅವಧಿ ಮುಗಿದು ಹೊರಗೆ ಹೋಗುವುದು ಕಾನೂನಿನಲ್ಲಿ ‘ರಿಟ್ರೆಂಚ್‌ಮೆಂಟ್’ ಅಲ್ಲ. ಅಂದರೆ ಕೆಲಸದಿಂದ ತೆಗೆದಾಗ ಕೊಡಬೇಕಾದ ಪರಿಹಾರ ಇಲ್ಲ. ಅವಧಿ ಮುಗಿಯುವ ಮೂರು ತಿಂಗಳು ಮೊದಲೇ ಮುಂದುವರಿಕೆ ಬಗ್ಗೆ ಬರವಣಿಗೆಯಲ್ಲಿ ಕೇಳಿ, ಜೊತೆಜೊತೆಗೇ ಬೇರೆ ಕಡೆ ಹುಡುಕಾಟ ಶುರು ಮಾಡುವುದೇ ಸರಿ.

‘ಟ್ರೈನಿ’ ಎಂಬ ಪದ ಕಂಡರೆ ಇನ್ನೊಂದು ಪ್ರಶ್ನೆ ಕೇಳಿ: ಇದು ಅಪ್ರೆಂಟಿಸ್ ಕಾಯ್ದೆಯಡಿ ನೋಂದಾಯಿತ ಒಪ್ಪಂದವೇ? ಹೌದಾದರೆ ನೀವು ಕಾರ್ಮಿಕರಲ್ಲ, ಕಲಿಯುವವರು. ಸ್ಟೈಪೆಂಡ್ ಸಿಗುತ್ತದೆ, ಪಿಎಫ್ (ಭವಿಷ್ಯ ನಿಧಿ) ಇರುವುದಿಲ್ಲ, ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ನಿಯಮವೂ ಇಲ್ಲ. ಸರ್ಕಾರಿ ಪೋರ್ಟಲ್‌ನಲ್ಲಿ ಒಪ್ಪಂದ ನೋಂದಣಿಯಾಗಿರಬೇಕು, ಕೊನೆಯಲ್ಲಿ ಪ್ರಮಾಣಪತ್ರ ಬರಬೇಕು. ನೋಂದಣಿಯೂ ಇಲ್ಲ, ಪಿಎಫ್ ಕೂಡ ಇಲ್ಲ, ಪೂರ್ತಿ ಪಾಳಿ ಕೆಲಸ ಮಾತ್ರ ಇದೆ ಎಂದಾದರೆ ಆ ‘ಟ್ರೈನಿ’ ಪದಕ್ಕೆ ಅರ್ಥವಿಲ್ಲ.

‘ಕನ್ಸಲ್ಟೆಂಟ್’ ಪತ್ರದ ಗುರುತು ಬಹಳ ಸುಲಭ. ಸಂಬಳ ಎಂದಿರುವುದಿಲ್ಲ, ವೃತ್ತಿಪರ ಶುಲ್ಕ ಎಂದಿರುತ್ತದೆ. ಪ್ರತಿ ತಿಂಗಳು ನೀವು ಬಿಲ್ ಕಳಿಸಬೇಕು, ಅದರಲ್ಲಿ ಸಾಮಾನ್ಯವಾಗಿ ಶೇ 10ರಷ್ಟು ಟಿಡಿಎಸ್ (ಮೊದಲೇ ಕಡಿತ ಮಾಡುವ ಆದಾಯ ತೆರಿಗೆ) ಹಿಡಿಯುತ್ತಾರೆ. ಪಿಎಫ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ), ಗ್ರಾಚ್ಯುಟಿ ಒಂದೂ ಇಲ್ಲ. ಟಿಡಿಎಸ್ ಹಣ ರಿಟರ್ನ್ ಸಲ್ಲಿಸಿದರೆ ವಾಪಸ್ ಬರಬಹುದು, ಉಳಿದದ್ದು ಬರುವುದಿಲ್ಲ. ಕೈಗೆ ಬರುವ ಮೊತ್ತ ಸ್ವಲ್ಪ ಹೆಚ್ಚು ಕಾಣುವುದೇ ಇದರ ಸೆಳೆತ.

3.6 ಲಕ್ಷದ ಪ್ಯಾಕೇಜು, ಕೈಗೆ ಎಷ್ಟು?

ಹೊಸಬರಿಗೆ ಸೇವಾ ಕಂಪನಿಗಳು ಕೊಡುವ ಪ್ಯಾಕೇಜು ಹತ್ತು ವರ್ಷಕ್ಕೂ ಮೇಲ್ಪಟ್ಟು 3ರಿಂದ 4 ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಬಾಡಿಗೆ ಅಲ್ಲೇ ನಿಂತಿಲ್ಲ. ಹಾಗಾಗಿ ಸಿಟಿಸಿ, ಅಂದರೆ ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು, ಎಂಬ ಅಂಕಿಯನ್ನು ಬಿಡಿಸಿ ನೋಡುವುದು ಇಂದು ಹೆಚ್ಚು ಮುಖ್ಯ. ಒಂದು ಮಾದರಿ ತೆಗೆದುಕೊಳ್ಳೋಣ: ವರ್ಷಕ್ಕೆ 3,60,000 ರೂಪಾಯಿ, ಅಂದರೆ ತಿಂಗಳಿಗೆ 30,000.

ಬೇಸಿಕ್ 15,000. ಮನೆ ಬಾಡಿಗೆ ಭತ್ಯೆ 6,000. ವಿಶೇಷ ಭತ್ಯೆ 2,978. ಈ ಮೂರು ಸೇರಿದರೆ 23,978, ಇದು ಗ್ರಾಸ್. 30,000ಕ್ಕೆ ಉಳಿದ 6,022 ಎಲ್ಲಿ? ಕಂಪನಿಯ ಪಾಲಿನ ಪಿಎಫ್ 1,800, ಗ್ರಾಚ್ಯುಟಿಗೆಂದು ಬೇಸಿಕ್‌ನ ಶೇ 4.81ರ ಲೆಕ್ಕದಲ್ಲಿ 722, ಗುಂಪು ವಿಮೆಯ ಕಂತು 500, ವೇರಿಯಬಲ್ ಪೇ 3,000. ಗ್ರಾಸ್‌ನಿಂದ ನಿಮ್ಮ ಪಾಲಿನ ಪಿಎಫ್ 1,800 ಕಳೆಯಿರಿ. ಕೈಗೆ ಬರುವುದು 22,178. ಕರ್ನಾಟಕದಲ್ಲಿ ವೃತ್ತಿ ತೆರಿಗೆ ತಿಂಗಳ ಸಂಬಳ 25,000 ಮುಟ್ಟಿದರೆ ಮಾತ್ರ, ತಿಂಗಳಿಗೆ 200 ರೂಪಾಯಿ (ಫೆಬ್ರವರಿಯಲ್ಲಿ 300), ಇಲ್ಲಿ ಅದಿಲ್ಲ. ಹೊಸ ಪದ್ಧತಿಯಲ್ಲಿ ಆದಾಯ ತೆರಿಗೆಯೂ ಇಲ್ಲ.

ಈ 7,822ರ ಅಂತರದಲ್ಲಿ ಎಲ್ಲವೂ ಒಂದೇ ಬಗೆಯದಲ್ಲ. ಎರಡೂ ಪಿಎಫ್ ನಿಮ್ಮದೇ ಹಣ. ಕಂಪನಿ ಪಾಲಿನ 1,800ರಲ್ಲಿ 1,250 ಪಿಂಚಣಿ ನಿಧಿಗೆ ಹೋಗುತ್ತದೆ, 550 ಮಾತ್ರ ಪಿಎಫ್ ಖಾತೆಗೆ ಬೀಳುತ್ತದೆ. ‘ಕಂಪನಿ ಅರ್ಧಂಬರ್ಧ ಕಟ್ಟಿದೆ’ ಎಂದು ಪಾಸ್‌ಬುಕ್ ನೋಡಿ ಗಾಬರಿಯಾಗುವವರಿಗೆ ಉತ್ತರ ಇದು. ಗ್ರಾಚ್ಯುಟಿಯ 722 ಮಾತ್ರ ಕಾಯಂ ರೋಲ್‌ನಲ್ಲಿ ಐದು ವರ್ಷ ತುಂಬದೆ ಸಿಗದು. ಎರಡು ವರ್ಷಕ್ಕೆ ಬಿಟ್ಟರೆ ಅದು ಕಾಗದದ ಮೇಲಿನ ಸಂಬಳವಾಗಿಯೇ ಉಳಿಯುತ್ತದೆ. ವೇರಿಯಬಲ್‌ನ 3,000ಕ್ಕೆ ಎರಡು ಷರತ್ತುಗಳಿರುತ್ತವೆ: ಕಂಪನಿಯ ಫಲಿತಾಂಶ, ಮತ್ತು ಹಣ ಹಂಚುವ ದಿನ ನೀವು ರೋಲ್‌ನಲ್ಲಿ ಇರಬೇಕೆಂಬುದು. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ದುಡಿದು, ಹಂಚಿಕೆ ಜೂನ್‌ನಲ್ಲಿ ಎಂದಾಗ ಮೇ ತಿಂಗಳಲ್ಲಿ ಬಿಟ್ಟವರಿಗೆ ಒಂದು ಪೈಸೆಯೂ ಬರುವುದಿಲ್ಲ. ಕಳೆದ ಎರಡು ವರ್ಷ ವೇರಿಯಬಲ್ ಶೇಕಡಾ ಎಷ್ಟು ಕೊಟ್ಟಿದ್ದೀರಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಹೊಸ ವೇತನ ಸಂಹಿತೆ ಇಲ್ಲಿ ಒಂದು ಗೆರೆ ಎಳೆದಿದೆ. ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆಯಂಥ ‘ವೇತನವಲ್ಲದ’ ಬಾಬ್ತುಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದಷ್ಟನ್ನೂ ವೇತನ ಎಂದೇ ಎಣಿಸಬೇಕು. ಬೇಸಿಕ್ ಅನ್ನು ಶೇ 30ಕ್ಕೆ ಇಳಿಸಿ ಗ್ರಾಚ್ಯುಟಿ ಉಳಿಸುತ್ತಿದ್ದ ಹಳೆಯ ರೂಢಿಗೆ ಇದರಿಂದ ತಡೆ ಬಿದ್ದಿದೆ. ಕೈಗೆ ಬರುವ ಹಣ ಕಡಿಮೆಯಾಗುತ್ತದೆಯೇ? ಪಿಎಫ್ ಅನ್ನು 15,000ದ ಮಿತಿಯ ಮೇಲೆಯೇ ಹಿಡಿಯುತ್ತಿದ್ದರೆ, ಈಗಲೂ ಕಡಿತ 1,800ರಲ್ಲೇ ನಿಲ್ಲುತ್ತದೆ. ಮಿತಿ ಇಲ್ಲದೆ ಪೂರ್ತಿ ಬೇಸಿಕ್ ಮೇಲೆ ಶೇ 12 ಹಿಡಿಯುವ ಕಂಪನಿಗಳಲ್ಲಿ ಮಾತ್ರ ಕೈಗೆ ಬರುವುದು ಇಳಿದು, ಖಾತೆಗೆ ಬೀಳುವುದು ಏರುತ್ತದೆ.

ಕಾರ್ಖಾನೆ, ಅಂಗಡಿ, ಗೋದಾಮಿನ ಕೆಲಸಗಳಲ್ಲಿ ನೋಡಬೇಕಾದದ್ದು ಇಎಸ್‌ಐ. ತಿಂಗಳ ವೇತನ 21,000ದೊಳಗೆ ಇದ್ದರೆ ನಿಮ್ಮಿಂದ ಶೇ 0.75, ಮಾಲೀಕರಿಂದ ಶೇ 3.25. 21,000ಕ್ಕೆ ನಿಮ್ಮ ಪಾಲು 158 ರೂಪಾಯಿ ಮಾತ್ರ. ಅಷ್ಟಕ್ಕೆ ಇಡೀ ಕುಟುಂಬಕ್ಕೆ ರಾಜಾಜಿನಗರ, ಪೀಣ್ಯ, ಕಲಬುರಗಿಯಂಥ ಇಎಸ್‌ಐ ಆಸ್ಪತ್ರೆಗಳಲ್ಲಿ ಚಿಕಿತ್ಸೆ. 22,000ಕ್ಕೆ ಬಡ್ತಿ ಎಂದಾಗ ಹಿರಿಯ ಪೋಷಕರನ್ನು ನೋಡಿಕೊಳ್ಳುವವರು ಒಂದು ಕ್ಷಣ ನಿಂತು ಲೆಕ್ಕ ಹಾಕಬೇಕು, ಏಕೆಂದರೆ ಕಂಪನಿಯ ಗುಂಪು ವಿಮೆ ತಂದೆತಾಯಿಯರನ್ನು ಸೇರಿಸಿಕೊಳ್ಳದೇ ಇರಬಹುದು. ಏಪ್ರಿಲ್–ಸೆಪ್ಟೆಂಬರ್, ಅಕ್ಟೋಬರ್–ಮಾರ್ಚ್ ಎಂಬ ಎರಡು ವಂತಿಗೆ ಅವಧಿಗಳಿವೆ. ನಡುವೆ ಸಂಬಳ ಮಿತಿ ದಾಟಿದರೂ ಆ ಅವಧಿ ಮುಗಿಯುವವರೆಗೆ ಇಎಸ್‌ಐ ಮುಂದುವರಿಯುತ್ತದೆ. ಇದನ್ನು ತಿಳಿಯದೆ ಮಧ್ಯದಲ್ಲೇ ಕಡಿತ ನಿಲ್ಲಿಸುವ ಲೆಕ್ಕಪತ್ರ ವಿಭಾಗಗಳೂ ಉಂಟು.

ಏಜೆನ್ಸಿಗಳ ಒಂದು ಚಾಳಿಯನ್ನು ಹೇಳಲೇಬೇಕು. ‘ಗ್ರಾಸ್ 21,000’ ಎಂದು ಮಾತಾಡಿ, ಮೊದಲ ಪೇಸ್ಲಿಪ್‌ನಲ್ಲಿ ಅದರೊಳಗಿಂದಲೇ ಮಾಲೀಕರ ಪಾಲಿನ ಪಿಎಫ್ ಕೂಡ ಕಳೆಯುತ್ತಾರೆ. ಒಪ್ಪಿದ ವೇತನದಿಂದ ಮಾಲೀಕರ ವಂತಿಗೆ ಹಿಡಿಯುವುದು ಪಿಎಫ್ ನಿಯಮಕ್ಕೆ ವಿರುದ್ಧ. ಮಾತಿನಲ್ಲಿ ‘ಗ್ರಾಸ್’ ಇದ್ದದ್ದು ಪತ್ರದಲ್ಲಿ ‘ಸಿಟಿಸಿ’ ಆಗಿದೆಯೇ ಎಂದು ಸಹಿಗೆ ಮೊದಲೇ ನೋಡುವುದು ಇದಕ್ಕಾಗಿ.

ಸೇರುವ ಮೊದಲು ಕಾಲು ಗಂಟೆಯ ತಪಾಸಣೆ

ಕಂಪನಿಯ ಪತ್ರದ ತಲೆಬರಹದಲ್ಲಿ ಸಿಐಎನ್ ಎಂಬ 21 ಅಕ್ಷರಗಳ ಕಂಪನಿ ಗುರುತಿನ ಸಂಖ್ಯೆ ಇರಲೇಬೇಕು, ಕಂಪನಿ ಕಾಯ್ದೆ ಹಾಗೆ ಹೇಳುತ್ತದೆ. ಅದನ್ನು ಓದುವುದು ಸುಲಭ. ಮೊದಲ ಅಕ್ಷರ ಷೇರುಪೇಟೆಯಲ್ಲಿ ಇದೆಯೇ ಇಲ್ಲವೇ ಎಂಬುದಕ್ಕೆ, ನಂತರದ ಐದು ಅಂಕಿ ಉದ್ಯಮಕ್ಕೆ, ಆಮೇಲಿನ ಎರಡಕ್ಷರ ರಾಜ್ಯಕ್ಕೆ (ಕರ್ನಾಟಕಕ್ಕೆ ಕೆಎ), ಮುಂದಿನ ನಾಲ್ಕಂಕಿ ಕಂಪನಿ ಹುಟ್ಟಿದ ವರ್ಷ. ‘ಹದಿನೈದು ವರ್ಷದ ಅನುಭವವುಳ್ಳ ಸಂಸ್ಥೆ’ ಎನ್ನುವ ಪತ್ರದಲ್ಲಿ ಆ ಜಾಗದಲ್ಲಿ 2024 ಇದ್ದರೆ ಕೇಳಬೇಕಾದ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ಜಿಎಸ್‌ಟಿ ಸಂಖ್ಯೆ ಕೊಟ್ಟಿದ್ದರೆ ಮೊದಲ ಎರಡಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿದರೆ ನೋಂದಣಿಯಾದ ದಿನ, ಈಗ ಚಾಲ್ತಿಯಲ್ಲಿದೆಯೇ ರದ್ದಾಗಿದೆಯೇ ಎಂಬುದು ಗೊತ್ತಾಗುತ್ತದೆ.

ಎಲ್ಲಕ್ಕಿಂತ ಒಳ್ಳೆಯ ತಪಾಸಣೆ, ಪಿಎಫ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಾದ ಇಪಿಎಫ್‌ಒ ಜಾಲತಾಣದ ‘ಎಸ್ಟಾಬ್ಲಿಷ್‌ಮೆಂಟ್ ಸರ್ಚ್’. ಲಾಗಿನ್ ಬೇಡ. ಸಂಸ್ಥೆಯ ಹೆಸರು ಕೊಟ್ಟರೆ ಅದು ಪ್ರತಿ ತಿಂಗಳು ಎಷ್ಟು ಪಿಎಫ್ ಕಟ್ಟಿದೆ, ಯಾವ ದಿನ ಕಟ್ಟಿದೆ, ಎಷ್ಟು ಉದ್ಯೋಗಿಗಳಿಗೆ ಕಟ್ಟಿದೆ ಎಂಬುದು ಕಾಣುತ್ತದೆ. ಮುಂದಿನ ತಿಂಗಳ 15ರೊಳಗೆ ಕಟ್ಟಬೇಕಾದ ಹಣ ಎರಡು ಮೂರು ತಿಂಗಳು ತಡವಾಗಿ ಬರುತ್ತಿದ್ದರೆ ಸಂಬಳವೂ ಹಾಗೇ ಬರುತ್ತದೆ. 300 ಜನರ ಕಂಪನಿ ಎಂದು ಹೇಳಿ 11 ಜನರಿಗೆ ಪಿಎಫ್ ಕಟ್ಟುತ್ತಿದ್ದರೆ ಉಳಿದವರು ಕನ್ಸಲ್ಟೆಂಟ್‌ಗಳು, ಇಲ್ಲವೇ ಅವರು ಅಸ್ತಿತ್ವದಲ್ಲೇ ಇಲ್ಲ. ಕಳೆದ ಆರು ತಿಂಗಳ ಉದ್ಯೋಗಿಗಳ ಸಂಖ್ಯೆ ಇಳಿಯುತ್ತಾ ಬಂದಿದ್ದರೆ ಸಂದರ್ಶನದಲ್ಲಿ ಅವರು ಹೇಳದ ಸುದ್ದಿ ಅಲ್ಲಿದೆ.

ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ತರಬೇತಿ ಶುಲ್ಕ ಎಂದು ಹಣ ಕೇಳುವ ಕಡೆ ಹೋಗಬೇಡಿ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಅಷ್ಟಾಗಿ ಗೊತ್ತಿಲ್ಲದ ಅಪಾಯ ಇನ್ನೊಂದು: ಹಣ ಕೇಳದೆ, ನಿಮ್ಮ ಬ್ಯಾಂಕ್ ಖಾತೆಯನ್ನೇ ಕೇಳುವುದು. ‘ಸಂಬಳದ ಖಾತೆ ನಾವೇ ತೆರೆಸುತ್ತೇವೆ, ಎಟಿಎಂ ಕಾರ್ಡ್ ಮತ್ತು ಸಿಮ್ ನಮ್ಮ ಬಳಿ ಇರಲಿ’ ಎಂದರೆ ಆ ಖಾತೆಯಲ್ಲಿ ವಂಚನೆಯ ಹಣ ಓಡಾಡುತ್ತದೆ, ಪೊಲೀಸರು ಬರುವುದು ಖಾತೆದಾರರ ಮನೆಗೆ. ಈಗಾಗಲೇ ಕೊಟ್ಟಾಗಿದ್ದರೆ ಅಂದೇ ಬ್ಯಾಂಕ್‌ಗೆ ಹೇಳಿ ಖಾತೆ ನಿಲ್ಲಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ವಿದೇಶದ ಕೆಲಸವಾದರೆ ಏಜೆಂಟ್‌ನ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇರಬೇಕು. ನೋಂದಾಯಿತ ಏಜೆಂಟ್ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ‘ಸದ್ಯ ಟೂರಿಸ್ಟ್ ವೀಸಾದಲ್ಲಿ ಹೊರಡಿ, ಅಲ್ಲಿ ಬದಲಿಸೋಣ’ ಎಂಬ ಮಾತು ಕಿವಿಗೆ ಬಿದ್ದ ಕ್ಷಣ ಮಾತುಕತೆ ನಿಲ್ಲಿಸಬೇಕು. ಕಾಂಬೋಡಿಯಾ, ಮ್ಯಾನ್ಮಾರ್‌ಗಳ ಸೈಬರ್ ವಂಚನೆ ಕೇಂದ್ರಗಳಲ್ಲಿ ಸಿಕ್ಕಿಬಿದ್ದ ಭಾರತೀಯರಲ್ಲಿ ಎಷ್ಟೋ ಜನ ಡೇಟಾ ಎಂಟ್ರಿ ಕೆಲಸವೆಂದು ನಂಬಿ ಹೋದವರು.

ಬಾಂಡ್ ಎಂಬ ಹೆದರಿಕೆ

‘ಎರಡು ವರ್ಷ ಬಿಡುವಂತಿಲ್ಲ, ಬಿಟ್ಟರೆ ಎರಡು ಲಕ್ಷ.’ ಇದು ಕಾನೂನಿನಲ್ಲಿ ನಿಲ್ಲುತ್ತದೆಯೇ? ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಕೊಟ್ಟ ಉತ್ತರ ನಮ್ಮ ರಾಜ್ಯದ್ದೇ ಪ್ರಕರಣದಿಂದ ಬಂದದ್ದು. ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲೇ ಬಿಟ್ಟು ಬೇರೆ ಬ್ಯಾಂಕಿಗೆ ಹೋಗುವಾಗ ಆಕ್ಷೇಪ ದಾಖಲಿಸಿಯೇ 2 ಲಕ್ಷ ಕಟ್ಟಿದ್ದರು. ಕರ್ನಾಟಕ ಹೈಕೋರ್ಟ್ ಅವರ ಪರ ನಿಂತಿತ್ತು. ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ಕೆಲಸದಲ್ಲಿರುವ ಅವಧಿಗೆ ಹಾಕುವ ಇಂಥ ಷರತ್ತು ಒಪ್ಪಂದ ಕಾಯ್ದೆಯ 27ನೇ ಸೆಕ್ಷನ್‌ಗೆ ವಿರುದ್ಧವಲ್ಲ ಎಂದಿತು. ಸಾರ್ವಜನಿಕ ವಲಯದ ಬ್ಯಾಂಕ್ ಒಬ್ಬರನ್ನು ತೆಗೆದುಕೊಳ್ಳಲು ಮತ್ತೆ ಬಹಿರಂಗ ಸ್ಪರ್ಧೆ ನಡೆಸಬೇಕು, ಅದಕ್ಕೆ ಖರ್ಚಿದೆ, ಆ ಹುದ್ದೆಯ ಸಂಬಳ ನೋಡಿದರೆ 2 ಲಕ್ಷ ವಿಪರೀತವಲ್ಲ ಎಂಬುದು ಅದರ ತರ್ಕ.

ಇದನ್ನು ಹಿಡಿದು ‘ಎಲ್ಲ ಬಾಂಡೂ ಸಿಂಧು’ ಎಂದು ಹೆದರಿಸುವ ಖಾಸಗಿ ಸಂಸ್ಥೆಗಳು ಆ ತೀರ್ಪಿನ ಅರ್ಧವನ್ನಷ್ಟೇ ಓದಿವೆ. ಒಪ್ಪಂದ ಕಾಯ್ದೆಯ 74ನೇ ಸೆಕ್ಷನ್ ಹೇಳುವುದು ‘ಸೂಕ್ತ ಪರಿಹಾರ’ ಎಂದು. ಬರೆದ ಮೊತ್ತ ಅದರ ಮೇಲ್ಮಿತಿ, ಕಣ್ಣುಮುಚ್ಚಿ ಕಟ್ಟಬೇಕಾದ ದಂಡವಲ್ಲ. ತಿಂಗಳಿಗೆ 22,000 ಕೈಗೆ ಸಿಗುವವರಿಂದ 3 ಲಕ್ಷ ಕೇಳುವ ಸಂಸ್ಥೆ, ಅಷ್ಟು ಹಣ ಯಾವ ತರಬೇತಿಗೆ ಹೋಯಿತು ಎಂದು ತೋರಿಸಬೇಕಾಗುತ್ತದೆ. ಹಾಗಾಗಿ ಸಹಿ ಹಾಕಲೇಬೇಕಾದರೆ ಮೊತ್ತ ತಿಂಗಳು ತಿಂಗಳಿಗೆ ಇಳಿಯುವಂತೆ ಬರೆಸಿ: 24 ತಿಂಗಳಿಗೆ 1,20,000 ಎಂದರೆ ಪ್ರತಿ ತಿಂಗಳು 5,000 ಕಡಿಮೆಯಾಗಲಿ. ಅವರೇ ತೆಗೆದುಹಾಕಿದರೆ ಬಾಂಡ್ ಅನ್ವಯಿಸುವುದಿಲ್ಲ ಎಂಬ ಸಾಲು ಇರಲಿ. ಮೂಲ ಅಂಕಪಟ್ಟಿಯನ್ನಾಗಲಿ, ಸಹಿ ಮಾಡಿದ ಖಾಲಿ ಚೆಕ್ ಅನ್ನಾಗಲಿ ಯಾವ ಕಾರಣಕ್ಕೂ ಕೊಡಬೇಡಿ. ಬಾಂಡ್ ವಿಷಯದಲ್ಲಿ ಕೋರ್ಟಿಗೆ ಹೋಗುವವರು ವಿರಳ. ಅಂಕಪಟ್ಟಿ ಹಿಡಿದಿಟ್ಟುಕೊಂಡರೆ ಕೋರ್ಟಿನ ಅಗತ್ಯವೇ ಅವರಿಗೆ ಬೀಳುವುದಿಲ್ಲ.

ಯುಎಎನ್ ಎಂಬ ಜಾತಕ

ಸೇರಿದ ಮೇಲೆ ಸಿಗುವ 12 ಅಂಕಿಯ ಯುಎಎನ್ ಇಂದು ಪಿಎಫ್ ಸಂಖ್ಯೆ ಮಾತ್ರವಾಗಿ ಉಳಿದಿಲ್ಲ. ನೀವು ಎಲ್ಲಿ, ಯಾವ ದಿನದಿಂದ ಯಾವ ದಿನದವರೆಗೆ ದುಡಿದಿರಿ ಎಂಬ ಪೂರ್ಣ ಚರಿತ್ರೆ ಅದರಲ್ಲಿದೆ, ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡುವವರು ಮೊದಲು ಕೇಳುವುದೇ ಅದನ್ನು. ದುಡ್ಡು ಕೊಟ್ಟು ‘ಮೂರು ವರ್ಷದ ಅನುಭವ’ದ ಪತ್ರ, ಪೇಸ್ಲಿಪ್ ಮಾಡಿಸಿಕೊಂಡವರು ಸಿಕ್ಕಿಬೀಳುವುದು ಇಲ್ಲೇ. ಪತ್ರ ಮುದ್ರಿಸುವುದು ಸುಲಭ, ಮೂವತ್ತಾರು ತಿಂಗಳ ಪಿಎಫ್ ವಂತಿಗೆಯನ್ನು ಹಿಂದಕ್ಕೆ ಹೋಗಿ ಕಟ್ಟುವುದು ಸುಲಭವಲ್ಲ. ಆಫರ್ ಸಿಕ್ಕಿ, ಸೇರಿ, ಆರು ತಿಂಗಳ ನಂತರ ವರದಿ ಬಂದು ಹೊರಗೆ ಹಾಕಿದರೆ ಆಗ ನಿಜವಾಗಿ ಮಾಡಿದ ಆರು ತಿಂಗಳ ಅನುಭವವೂ ಕೈಬಿಡುತ್ತದೆ. ಎರಡು ಕಡೆ ಒಟ್ಟಿಗೆ ಕೆಲಸ ಮಾಡಿದ್ದೂ ಹೀಗೆಯೇ ಎರಡು ಸಂಸ್ಥೆಗಳ ದಿನಾಂಕಗಳ ಅತಿಕ್ರಮಣದಲ್ಲಿ ಬಯಲಾಗುತ್ತದೆ.

ಮೊದಲ ಬಾರಿ ಕೆಲಸಕ್ಕೆ ಸೇರುವವರಿಗೆ ಇದರಲ್ಲಿ ಲಾಭವೂ ಇದೆ. ಪ್ರಧಾನಮಂತ್ರಿ ವಿಕಸಿತ ಭಾರತ ರೋಜಗಾರ್ ಯೋಜನೆಯಲ್ಲಿ, 2025ರ ಆಗಸ್ಟ್ 1ರಿಂದ 2027ರ ಜುಲೈ 31ರ ನಡುವೆ ಮೊದಲ ಸಲ ಇಪಿಎಫ್‌ಒಗೆ ಸೇರುವ, ತಿಂಗಳಿಗೆ 1 ಲಕ್ಷದೊಳಗೆ ಸಂಬಳವಿರುವವರಿಗೆ ಒಂದು ತಿಂಗಳ ವೇತನದಷ್ಟು, ಗರಿಷ್ಠ 15,000 ರೂಪಾಯಿ ಎರಡು ಕಂತಿನಲ್ಲಿ ಬರುತ್ತದೆ. ಮೊದಲ ಕಂತಿಗೆ ಆರು ತಿಂಗಳ ಸೇವೆ, ಎರಡನೆಯದಕ್ಕೆ ಹನ್ನೆರಡು ತಿಂಗಳು ಮತ್ತು ಹಣಕಾಸು ಸಾಕ್ಷರತೆಯ ಆನ್‌ಲೈನ್ ತರಬೇತಿ ಬೇಕು. ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಮುಖ ತೋರಿಸಿ ಯುಎಎನ್ ಪಡೆಯಬೇಕು. ಆಧಾರ್‌ನಲ್ಲಿರುವ ಹೆಸರು, ಹುಟ್ಟಿದ ದಿನ ಅಂಕಪಟ್ಟಿಯದರ ಜೊತೆ ಹೊಂದದಿದ್ದರೆ ಮೊದಲು ಅದನ್ನು ತಿದ್ದಿಸಿ, ಆಮೇಲೆ ಯುಎಎನ್ ಮಾಡಿಸಿ. ತಂದೆಯ ಹೆಸರು ಇನಿಷಿಯಲ್ ಆಗಿ ಹಿಂದೆ ಮುಂದೆ ಬರುವ ನಮ್ಮ ಹೆಸರುಗಳಲ್ಲಿ ಈ ತೊಡಕು ಹೆಚ್ಚು.

ಸೇರಿದ ಎರಡನೇ ತಿಂಗಳಿನ 20ನೇ ತಾರೀಖಿನ ನಂತರ ಒಮ್ಮೆ ಪಾಸ್‌ಬುಕ್ ನೋಡಿ. ನೋಂದಾಯಿತ ಮೊಬೈಲ್‌ನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೂ ಬಾಕಿ ಎಷ್ಟಿದೆ ಎಂಬ ಸಂದೇಶ ಬರುತ್ತದೆ. ಪೇಸ್ಲಿಪ್‌ನಲ್ಲಿ 1,800 ಕಡಿತವಾಗಿದೆ, ಪಾಸ್‌ಬುಕ್‌ನಲ್ಲಿ ಏನೂ ಇಲ್ಲ ಎಂದಾದರೆ ಎಚ್‌ಆರ್‌ಗೆ ಇಮೇಲ್ ಬರೆಯಿರಿ. ಒಂದು ತಿಂಗಳಲ್ಲಿ ಸರಿಹೋಗದಿದ್ದರೆ ಇಪಿಎಫ್‌ಒ ದೂರು ಪೋರ್ಟಲ್‌ನಲ್ಲಿ ಪೇಸ್ಲಿಪ್ ಲಗತ್ತಿಸಿ ದೂರು ಕೊಡಿ. ಕಡಿತ ಮಾಡಿ ಕಟ್ಟದಿರುವುದು ಅಪರಾಧ. ಈ ಕಾರಣಕ್ಕೇ ಪ್ರತಿ ತಿಂಗಳ ಪೇಸ್ಲಿಪ್ ಅನ್ನು ನಿಮ್ಮ ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳುವುದು ಅಗತ್ಯ. ಕೆಲಸ ಹೋದ ದಿನ ಕಂಪನಿಯ ಪೋರ್ಟಲ್ ತೆರೆಯುವುದಿಲ್ಲ.

ಡೆಲಿವರಿ, ಕ್ಯಾಬ್ ಕೆಲಸದಲ್ಲಿರುವವರಿಗೆ ಆಫರ್ ಲೆಟರೂ ಇಲ್ಲ, ಯುಎಎನ್ ಕೂಡ ಇಲ್ಲ. ಆ ಕೊರತೆಗೆಂದೇ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿತು. ಪ್ರತಿ ಕಾರ್ಮಿಕರಿಗೆ ಎಲ್ಲ ಪ್ಲಾಟ್‌ಫಾರ್ಮ್‌ಗಳಿಗೂ ಒಂದೇ ಗುರುತಿನ ಸಂಖ್ಯೆ, ಅವರಿಗೆ ಪಾವತಿಸುವ ಹಣದ ಮೇಲೆ ಕಂಪನಿಯಿಂದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ತೆಗೆದುಹಾಕುವ ಮೊದಲು ಕಾರಣ ಬರೆದು 14 ದಿನಗಳ ನೋಟಿಸ್. ಬೆಳಿಗ್ಗೆ ಏಳುವಾಗ ಆ್ಯಪ್‌ನ ಐಡಿ ಬ್ಲಾಕ್ ಆಗಿರುತ್ತದೆ, ಕೇಳಲು ಒಬ್ಬ ಮನುಷ್ಯನೂ ಸಿಗುವುದಿಲ್ಲ ಎಂಬ ಸ್ಥಿತಿಗೆ ಈ ಮೂರನೆಯದು ಮುಖ್ಯ ಮದ್ದು. ಐಡಿ ಬ್ಲಾಕ್ ಆದರೆ ಆ ಪರದೆಯ ಸ್ಕ್ರೀನ್‌ಶಾಟ್, ಹಿಂದಿನ ವಾರದ ಗಳಿಕೆಯ ಪಟ್ಟಿ ತಕ್ಷಣ ತೆಗೆದಿಟ್ಟುಕೊಳ್ಳಬೇಕು.

ಹೊರಡುವ ದಿನ

ಕೆಲಸ ಬಿಡುವವರಿಗೆ ಹೊಸ ಸಂಹಿತೆ ಕೊಟ್ಟ ದೊಡ್ಡ ಬಲ ಎರಡು ದಿನದ ನಿಯಮ. ರಾಜೀನಾಮೆ ಕೊಟ್ಟಿರಲಿ, ತೆಗೆದುಹಾಕಿರಲಿ, ಬಾಕಿ ವೇತನ ಎರಡು ಕೆಲಸದ ದಿನಗಳೊಳಗೆ ಕೈಸೇರಬೇಕು. ‘ಫುಲ್ ಅಂಡ್ ಫೈನಲ್‌ಗೆ 45 ದಿನ’ ಎಂಬುದು ಕಂಪನಿಗಳ ರೂಢಿ. ಗ್ರಾಚ್ಯುಟಿಗೆ ಮಾತ್ರ 30 ದಿನಗಳ ಅವಕಾಶವಿದೆ. ಎರಡು ದಿನ ಕಳೆದ ಮೇಲೆ ಸಂಹಿತೆಯ ಹೆಸರು ಹೇಳಿ ಬರೆದ ಒಂದು ಇಮೇಲ್, ಎಷ್ಟೋ ಕಡೆ ಮೂರು ವಾರಗಳ ಅಲೆದಾಟ ಉಳಿಸುತ್ತದೆ. ಉತ್ತರ ಬರದಿದ್ದರೆ ನಿಮ್ಮ ವ್ಯಾಪ್ತಿಯ ಕಾರ್ಮಿಕ ಅಧಿಕಾರಿಗೆ ದೂರು. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಯಾವ ಅಧಿಕಾರಿಯ ವ್ಯಾಪ್ತಿ ಎಂದು ತಿಳಿಯಬಹುದು.

ಕೊನೆಯ ದಿನ ರಿಲೀವಿಂಗ್ ಲೆಟರ್ ಕೇಳುವುದನ್ನು ಯಾರೂ ಮರೆಯುವುದಿಲ್ಲ, ಪಿಎಫ್‌ನಲ್ಲಿ ‘ಹೊರಬಿದ್ದ ದಿನಾಂಕ’ ಹಾಕಿಸುವುದನ್ನು ಹೆಚ್ಚಿನವರು ಮರೆಯುತ್ತಾರೆ. ಹಳೆಯ ಸಂಸ್ಥೆ ಅದನ್ನು ಹಾಕದಿದ್ದರೆ ಹೊಸ ಕಂಪನಿಯ ಪರಿಶೀಲನೆಯಲ್ಲಿ ನೀವು ಇನ್ನೂ ಅಲ್ಲೇ ಇರುವಂತೆ ಕಾಣುತ್ತದೆ, ಹಣ ವರ್ಗಾವಣೆಯೂ ನಿಲ್ಲುತ್ತದೆ. ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ ಸದಸ್ಯರ ಪೋರ್ಟಲ್‌ನ ‘ಮ್ಯಾನೇಜ್’ ವಿಭಾಗದಲ್ಲಿ ‘ಮಾರ್ಕ್ ಎಕ್ಸಿಟ್’ ಒತ್ತಿ, ಆಧಾರ್ ಒಟಿಪಿ ಕೊಟ್ಟು ನೀವೇ ಹಾಕಿಕೊಳ್ಳಬಹುದು. ದಿನಾಂಕ ಕೊನೆಯ ವಂತಿಗೆಯ ತಿಂಗಳೊಳಗೇ ಇರಬೇಕು. ರಿಲೀವಿಂಗ್ ಲೆಟರ್ ಎದುರಿಗಿಟ್ಟುಕೊಂಡು ಅದರಲ್ಲಿರುವ ದಿನವನ್ನೇ ಹಾಕಿ. ತಪ್ಪು ದಿನ ಹಾಕಿದರೆ ಅದನ್ನು ತಿದ್ದಿಸುವ ಕೆಲಸ ಮತ್ತೆ ಬೀಳುತ್ತದೆ.